ಅವ್ವನ ಮಂಚದ ಪಕ್ಕ ಕರ್ತನ ಮೇಜು

ನಮ್ಮ ಸಭೆಯಲ್ಲಿ ತಿಂಗಳ ಮೊದಲ ಭಾನುವಾರ ಕರ್ತನ ರಾತ್ರಿಭೋಜನ, ಅಂದರೆ ಯೇಸುವಿನ ಕಡೇ ಊಟದ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ತಗೊಳ್ಳುವುದು. ಅವತ್ತು ಆರಾಧನೆ ಮುಗಿದ ಮೇಲೆ ಪಾಸ್ಟರ್ ಊಟಕ್ಕೆ ಮನೆಗೆ ಹೋಗುವುದಿಲ್ಲ. ಹಾಸಿಗೆ ಹಿಡಿದವರ ಮನೆಗಳಿಗೆ ಹೊರಡುತ್ತಾರೆ. ಈಗ ಆ ಪಟ್ಟಿಯಲ್ಲಿ ಧಾರವಾಡದ ನಮ್ಮ ಮನೆಯೂ ಇದೆ. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದ ಮೇಲೆ ಅವ್ವ ಚರ್ಚಿನ ಮೆಟ್ಟಿಲು ಹತ್ತಿಲ್ಲ.

ಪಾಸ್ಟರ್ ಒಬ್ಬರೇ ಬರುವುದಿಲ್ಲ. ಜೊತೆಗೆ ಸಭೆಯ ಹಿರಿಯರೊಬ್ಬರು, ಹೆಂಗಸರ ಸಂಘದ ಇಬ್ಬರೋ ಮೂವರೋ. ಸ್ಕೂಟರಿನ ಡಿಕ್ಕಿಯಿಂದ ಒಂದು ಪುಟ್ಟ ಪೆಟ್ಟಿಗೆ ಇಳಿಯುತ್ತದೆ. ಅದರಲ್ಲಿ ಸಣ್ಣ ಸಣ್ಣ ಬಟ್ಟಲು, ಒಂದು ತಟ್ಟೆ, ರೊಟ್ಟಿಯ ಡಬ್ಬಿ, ಮಡಚಿಟ್ಟ ಬಿಳಿ ಬಟ್ಟೆ. ಅವ್ವನ ಸ್ಟೂಲಿನ ಮೇಲಿದ್ದ ಮಾತ್ರೆ, ಬಿಪಿ ಮಷೀನು ತೆಗೆದು ಆ ಬಟ್ಟೆ ಹಾಸಿದರೆ ಮೇಜು ತಯಾರು. ಅವ್ವ ಬೆಳಿಗ್ಗೆಯಿಂದಲೇ ತಯಾರು. ನೈಟಿ ಮೇಲೆ ಇಳಕಲ್ ಸೀರೆಯ ಸೆರಗು ಹೊದಿಸದೆ ಯಾರನ್ನೂ ಒಳಗೆ ಬಿಡಬೇಡ ಅನ್ನುತ್ತಾಳೆ.

ಮೊದಲು ಹಾಡು. 1837ರಲ್ಲಿ ಧಾರವಾಡಕ್ಕೆ ಬಂದ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರಿಂದ ನಮಗೆ ಬಂದ ರೂಢಿ ಇದು, ಜರ್ಮನ್ ರಾಗಕ್ಕೆ ಕನ್ನಡ ಮಾತು. ಅವ್ವ ವಯಸ್ಸಿನಲ್ಲಿ ಕಾಯರ್‌ನಲ್ಲಿ ಆಲ್ಟೊ ಹಾಡುತ್ತಿದ್ದಳು. ಈಗಲೂ ಎಲ್ಲರೂ ಮೇಲಿನ ರಾಗ ಹಿಡಿದರೆ ಅವಳದು ಕೆಳಗಿನ ದನಿಯೇ. ಎಷ್ಟೋ ಸಲ ಪಾಸ್ಟರ್ ಹೆಸರು ನೆನಪಾಗುವುದಿಲ್ಲ. ಆಲ್ಟೊ ಮಾತ್ರ ಒಂದು ಸ್ವರ ತಪ್ಪುವುದಿಲ್ಲ!

ಒಣ ರೊಟ್ಟಿ ಅವಳ ಗಂಟಲಲ್ಲಿ ಇಳಿಯುವುದಿಲ್ಲ. ಅದಕ್ಕೆ ಪಾಸ್ಟರ್ ತುಣುಕನ್ನು ದ್ರಾಕ್ಷಾರಸದಲ್ಲಿ ಅದ್ದಿ, ಮೆತ್ತಗಾಗುವ ತನಕ ಹಿಡಿದು, ತಾವೇ ಬಾಯಿಗಿಡುತ್ತಾರೆ. ನಾವೆಲ್ಲ ಕಣ್ಣು ಮುಚ್ಚಿರುತ್ತೇವೆ. ಅವ್ವ ಮುಚ್ಚುವುದಿಲ್ಲ. ಕೊಡುವವರ ಮುಖವನ್ನೇ ನೋಡುತ್ತಿರುತ್ತಾಳೆ.

ಅದು ಯಾಕೆ ಅಂತ ನನಗೆ ಗೊತ್ತು. 2020ರ ಏಪ್ರಿಲ್ 12, ಈಸ್ಟರ್. ಲಾಕ್‌ಡೌನ್‌ನಿಂದ ಚರ್ಚಿಗೆ ಬೀಗ. ಮನೆಯಲ್ಲೇ ರೊಟ್ಟಿ, ರಸ ಇಟ್ಟುಕೊಳ್ಳಿ, ಪಾಸ್ಟರ್ ಫೋನಿನಲ್ಲೇ ಪ್ರಾರ್ಥಿಸುತ್ತಾರೆ ಅಂದವರಿದ್ದರು. ಹಾಗೆಲ್ಲ ಮಾಡಲು ಬರುವುದಿಲ್ಲ ಅಂದವರೂ ಇದ್ದರು. ನಾನು ಫೋನನ್ನು ಸ್ಟೀಲ್ ಡಬ್ಬಿಗೆ ಆನಿಸಿಟ್ಟೆ. ಅವ್ವ ಹಾಡಿದಳು, ವಿಶ್ವಾಸಪ್ರಮಾಣ ಹೇಳಿದಳು, ರೊಟ್ಟಿ ಮುಟ್ಟಲಿಲ್ಲ. ಯಾಕವ್ವಾ ಅಂದರೆ, 'ಕೊಡವ್ರ ಇಲ್ದ ಹೆಂಗ ತಗೊಳ್ಳೂದವಾ?' ಅಂದಳು. ನಾನು ತಗೊಂಡೆ, ಆ ಹೊತ್ತಿಗೆ ಅದರಿಂದ ಸಮಾಧಾನವೂ ಆಯಿತು. ಹಾಗೆ ತಗೊಂಡವರನ್ನು ನಾನು ಆಡಿಕೊಳ್ಳುವುದಿಲ್ಲ. ಆದರೆ ಅವ್ವನ ಮಾತೇ ಸರಿ ಅಂತ ಈಗ ಜಾಸ್ತಿ ಜಾಸ್ತಿ ಅನಿಸುತ್ತಿದೆ.

ಹೀಗೆ ಒಯ್ದು ಕೊಡುವುದು ಹೊಸ ವಿಚಾರ ಅಲ್ಲ. ಕ್ರಿ.ಶ. 155ರ ಸುಮಾರಿಗೆ ರೋಮ್‌ನಲ್ಲಿದ್ದ ಜಸ್ಟಿನ್ ಎಂಬ ಕ್ರೈಸ್ತ ಬರಹಗಾರ ಕ್ರೈಸ್ತರ ಪರವಾಗಿ ಚಕ್ರವರ್ತಿಗೆ ಮನವಿ ಬರೆದ. ಅದರಲ್ಲಿ ಭಾನುವಾರದ ಕೂಟದ ವಿವರ ಇದೆ: ಬರಲಾಗದವರ ಪಾಲನ್ನು ಸಭಾಸೇವಕರು ಅವರಿದ್ದಲ್ಲಿಗೇ ಒಯ್ಯುತ್ತಾರೆ. ಆಗ ಸ್ಕೂಟರ್ ಇರಲಿಲ್ಲ, ಅಷ್ಟೇ.

ರೊಟ್ಟಿಗಿಂತ ಮೊದಲು ಕೈಯಿಂದ ಕೈಗೆ ಸಮಾಧಾನ ಹಂಚುವುದಿದೆ. 1947ರಲ್ಲಿ ಹಲವು ಪ್ರಾಟೆಸ್ಟಂಟ್ ಸಭೆಗಳು ಒಂದಾಗಿ ದಕ್ಷಿಣ ಭಾರತ ಸಭೆ (ಸಿಎಸ್‌ಐ) ಹುಟ್ಟಿತು. 1950ರಲ್ಲಿ ಬಂದ ಅದರ ಭೋಜನದ ಆರಾಧನಾ ಕ್ರಮದಲ್ಲಿ ಇದು ಸೇರಿತು, ಕೇರಳದ ಸಿರಿಯನ್ ಕ್ರೈಸ್ತರಿಂದ ಪಡೆದದ್ದು. ಕೊಡುವವರ ಬಲ ಅಂಗೈ ತಗೊಳ್ಳುವವರ ಬಲ ಅಂಗೈಗೆ ತಾಗಬೇಕು, ಇಬ್ಬರೂ ಎಡಗೈಯಿಂದ ಅದನ್ನು ಮುಚ್ಚಬೇಕು. ಚರ್ಚಿನಲ್ಲಿ ಇದು ಮುಂದಿನ ಸಾಲಿನಿಂದ ಹಿಂದಕ್ಕೆ ಹೋಗುತ್ತದೆ. ನಮ್ಮ ಕೋಣೆಯಲ್ಲಿ ಪಾಸ್ಟರ್‌ರಿಂದ ಹಿರಿಯರಿಗೆ, ಸಂಘದವರಿಗೆ, ನನಗೆ, ಕೊನೆಗೆ ಅವ್ವನಿಗೆ. ಅವಳ ಕೈ ಬರೀ ಎಲುಬು, ಸೂಜಿ ಚುಚ್ಚಿದ ಕಡೆ ನೀಲಿ. ಹೋದ ಸಲ ಸಮಾಧಾನ ಅವಳ ಹತ್ತಿರ ಬಂದು ನಿಂತಿತು, ಮುಂದೆ ಯಾರೂ ಇಲ್ಲ. ಬಾಗಿಲಲ್ಲಿ ಪಕ್ಕದ ಮನೆ ಕಾಕು ನಿಂತಿದ್ದರು. ಅವರು ಲಿಂಗಾಯತರು, ಹಾಡು ಕೇಳಲು ಬರುತ್ತಾರೆ. 'ಬರ್ರಿ ಇಲ್ಲೆ' ಅಂತ ಅವ್ವ ಎರಡೂ ಕೈ ಚಾಚಿದಳು. ಕಾಕು ಸೆರಗಿಗೆ ಕೈ ಒರೆಸಿಕೊಂಡು ಬಂದರು. ರೊಟ್ಟಿ ಯಾರು ತಗೊಳ್ಳಬಹುದು ಅನ್ನುವುದಕ್ಕೆ ನಿಯಮ ಇದೆ, ಸಮಾಧಾನಕ್ಕೂ ಇದೆಯಾ? ಪಾಸ್ಟರ್ ಏನೂ ಅನ್ನಲಿಲ್ಲ.

ಆಮೇಲೆ ಚಹಾ, ಗಿರ್ಮಿಟ್. ಬೇರೆ ಮನೆಗಳೂ ಇರುವುದರಿಂದ ಪಾಸ್ಟರ್ ನಿಂತೇ ಚಹಾ ಕುಡಿಯುತ್ತಾರೆ. ಸಂಘದವರು ಮಾತ್ರ ಗಿರ್ಮಿಟ್ ಮುಗಿಸಿ, ಯಾರ ಮಗಳಿಗೆ ನಿಶ್ಚಯವಾಯಿತು, ಕಾಯರ್‌ಗೆ ಯಾರು ಚಕ್ಕರ್ ಹೊಡೆದರು ಅನ್ನುವುದನ್ನೆಲ್ಲ ಹೇಳಿಯೇ ಏಳುವುದು. ಅವ್ವ ಪ್ರತಿಯೊಂದಕ್ಕೂ ಪ್ರಶ್ನೆ ಕೇಳುತ್ತಾಳೆ. ಹೋದ ಸಲ ಅವರು ಚಪ್ಪಲಿ ಹಾಕಿಕೊಳ್ಳುವಾಗ ಮಂಚದಿಂದಲೇ ಕೂಗಿದಳು: 'ಮುಂದಿನ ತಿಂಗಳಾ ಹಾಡು ಒಂದೀಟು ಕೆಳಗಿಂದ ಎತ್ರಿ, ನನಗ ಅಷ್ಟು ಮ್ಯಾಲೆ ಆಗೂದಿಲ್ಲ.'