ಗೋವೆಯ ಚರ್ಚು, ಗ್ರಾಮಸಭೆ ಮತ್ತು ನಮ್ಮ ಗೌಂಡಿಗಳು

ಗೋವೆಯಲ್ಲಿ ಭೂಮಿಯ ಬಳಕೆಗೆ ಸಂಬಂಧಿಸಿದ ದೊಡ್ಡ ತಿದ್ದುಪಡಿಯೊಂದು ಬಂತೆಂದರೆ, ಅದರ ವಿರುದ್ಧ ಸಲ್ಲಿಕೆಯಾಗುವ ಆಕ್ಷೇಪಣೆಗಳಲ್ಲಿ ಚರ್ಚಿನ ಕಡೆಯದೂ ಒಂದು ಇರುವುದು ಬಹುತೇಕ ಖಚಿತ. ವಾಸ್ಕೋದಲ್ಲಿ ಕಟ್ಟಡ ಗುತ್ತಿಗೆದಾರರೊಬ್ಬರ ಕಚೇರಿಯಲ್ಲಿ ಲೆಕ್ಕ ಬರೆಯುವ ನನಗೆ ಇದು ಬೇಗನೆ ತಿಳಿಯಿತು, ಏಕೆಂದರೆ ಅಂಥ ಆಕ್ಷೇಪಣೆಯಿಂದ ತಡೆ ಬೀಳುವ ಕೆಲಸಗಳ ಪಟ್ಟಿಯಲ್ಲಿ ನಮ್ಮದೂ ಇರಬಹುದು. ಕರ್ನಾಟಕದಲ್ಲಿರುವ ನಮ್ಮ ಊರಿನ ಕಡೆಯವರು ಗೋವೆಯ ಚರ್ಚೆಂದರೆ ಹಳೇ ಗೋವೆಯ ಬಿಳಿ ಗೋಡೆ, ಡಿಸೆಂಬರ್ ಮೊದಲ ವಾರದ ಸಂತ ಫ್ರಾನ್ಸಿಸ್ ಕ್ಸೇವಿಯರ್ ಹಬ್ಬ ಎಂದು ತಿಳಿದಿರುತ್ತಾರೆ. ಇಲ್ಲಿ ನೆಲೆಸಿದವರು ನೋಡುವ ಚರ್ಚು ಬೇರೆ. ಗೋವಾ ಮತ್ತು ದಮನ್ ಮಹಾಧರ್ಮಪ್ರಾಂತ್ಯಕ್ಕೆ ಸಾಮಾಜಿಕ ನ್ಯಾಯ ಮತ್ತು ಶಾಂತಿ ಮಂಡಳಿ ಎಂಬ ಪ್ರತ್ಯೇಕ ಅಂಗವೇ ಇದ್ದು, ಗಣಿಗಾರಿಕೆ, ಕ್ಯಾಸಿನೊ, ಕಲ್ಲಿದ್ದಲು ಸಾಗಣೆ, ಹೊಲಗದ್ದೆಗಳ ವಲಯ ಬದಲಾವಣೆ ಇವೆಲ್ಲದರ ಬಗ್ಗೆ ಅದು ಬಹಿರಂಗವಾಗಿ ನಿಲುವು ತಳೆಯುತ್ತದೆ.

ಅದರ ಬಲ ಎಷ್ಟೆಂಬುದು 2006–07ರಲ್ಲಿ ಗೊತ್ತಾಯಿತು. ಪ್ರಾದೇಶಿಕ ಯೋಜನೆ 2011 ಎಂಬ ಭೂಬಳಕೆಯ ನಕ್ಷೆ 2006ರ ಆಗಸ್ಟ್‌ನಲ್ಲಿ ಹೊರಬಿದ್ದಾಗ, ಗುಡ್ಡಗಳನ್ನೂ ತೋಟಗಳನ್ನೂ ವಸತಿ ಪ್ರದೇಶವೆಂದು ಬಣ್ಣ ಬಳಿದದ್ದನ್ನು ಕಂಡು ಜನ ಸಿಟ್ಟಿಗೆದ್ದರು. ಗೋವಾ ಬಚಾವೋ ಅಭಿಯಾನ ಎಂಬ ಜನರ ಚಳವಳಿ ಹುಟ್ಟಿಕೊಂಡಿತು. ಚರ್ಚು ಅದರ ಬೆನ್ನಿಗೆ ನಿಂತಿತು. 2007ರ ಆರಂಭದಲ್ಲಿ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಅದೇ ವರ್ಷದ ಕೊನೆಯ ದಿನ ಮುಖ್ಯಮಂತ್ರಿ ದಿಗಂಬರ ಕಾಮತ್ ವಿಶೇಷ ಆರ್ಥಿಕ ವಲಯಗಳನ್ನೂ ರದ್ದುಪಡಿಸುವುದಾಗಿ ಘೋಷಿಸಿದರು. 2011ರ ಜನಗಣತಿಯಂತೆ ಈ ರಾಜ್ಯದಲ್ಲಿ ಕ್ರೈಸ್ತರು ಕಾಲು ಭಾಗದಷ್ಟು ಮಾತ್ರ. ಉಳಿದವರು ಜೊತೆಗೂಡದೆ ಇಂಥ ಗೆಲುವುಗಳು ಸಾಧ್ಯವಿರಲಿಲ್ಲ. ಆದರೆ ವಾರಕ್ಕೊಮ್ಮೆ ಊರನ್ನು ಒಂದೆಡೆ ಕೂಡಿಸುವ ವ್ಯವಸ್ಥೆ ಕೈಯಲ್ಲಿದ್ದವರಿಗೆ ಸುದ್ದಿ ಮುಟ್ಟಿಸುವುದು ಎಷ್ಟು ಸುಲಭವೆಂಬುದನ್ನೂ ಒಪ್ಪಬೇಕು.

ಗ್ರಾಮಸಭೆಗಳು ಸಾಮಾನ್ಯವಾಗಿ ಭಾನುವಾರ, ಬೆಳಗಿನ ಪೂಜೆ ಮುಗಿದ ಮೇಲೆ ನಡೆಯುತ್ತವೆ. ಸಾಲ್ಸೆಟ್ ತಾಲ್ಲೂಕಿನ ಒಂದು ಸಭೆಗೆ ನಾನು ಕಚೇರಿಯ ಕೆಲಸದ ಮೇಲೆ ಹೋಗಿ ಹಿಂದಿನ ಗೋಡೆಗೆ ಒರಗಿ ನಿಂತಿದ್ದೆ. ಇಸ್ತ್ರಿ ಮಾಡಿದ ಅಂಗಿ ತೊಟ್ಟ ವೃದ್ಧರೊಬ್ಬರು ಇಗರ್ಜಿಯಿಂದ (ಊರಿನ ಚರ್ಚಿಗೆ ಇಲ್ಲಿ ಹಾಗೆನ್ನುತ್ತಾರೆ) ನೇರವಾಗಿ ಬಂದು, ಪ್ಲಾಸ್ಟಿಕ್ ಚೀಲದಿಂದ ಸರ್ವೆ ನಕ್ಷೆಯ ಪ್ರತಿ ತೆಗೆದು, ಇಂಥ ನಂಬರಿನ ಗದ್ದೆಯಲ್ಲಿ ಮಣ್ಣು ತುಂಬಿಸಲು ಅನುಮತಿ ಕೊಟ್ಟವರಾರು ಎಂದು ಸರಪಂಚರನ್ನು ಕೇಳಿದರು. ಉತ್ತರ ಹಾರಿಕೆಯದಾಗಿತ್ತು. ಅವರು ಕೂರಲಿಲ್ಲ. ತಮ್ಮ ಆಕ್ಷೇಪಣೆಯನ್ನು ಕಾರ್ಯದರ್ಶಿ ನಡಾವಳಿ ಪುಸ್ತಕದಲ್ಲಿ ಬರೆದುಕೊಳ್ಳುವವರೆಗೂ, ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳುವವರೆಗೂ ನಿಂತೇ ಇದ್ದರು. ನಮ್ಮ ಗದಗ ಜಿಲ್ಲೆಯ ಕಡೆ ಗ್ರಾಮಸಭೆಯೆಂದರೆ ಮನೆಮನೆಗೆ ಪುಸ್ತಕ ಕಳಿಸಿ ಸಹಿ ಹಾಕಿಸಿಕೊಳ್ಳುವ ಶಾಸ್ತ್ರವಾಗಿದ್ದುದನ್ನು ಕಂಡವನಿಗೆ ಇದು ಹೊಸದು.

ಚರ್ಚು ರಾಜಕೀಯ ಮಾಡಬೇಕೇ ಎಂಬ ಪ್ರಶ್ನೆ ಇಲ್ಲಿ ಪ್ರತಿ ಚುನಾವಣೆಗೂ ಏಳುತ್ತದೆ. ಕಾರ್ಮಿಕರ ಹಕ್ಕುಗಳ ಕುರಿತು ಹದಿಮೂರನೆಯ ಲಿಯೊ ಪೋಪರು 1891ರಲ್ಲೇ ವಿಶ್ವಪತ್ರ ಬರೆದಿದ್ದರು, ಪೋಪ್ ಫ್ರಾನ್ಸಿಸ್ 2015ರಲ್ಲಿ ಭೂಮಿಯ ರಕ್ಷಣೆಯ ಕುರಿತು ಬರೆದರು; ಹೀಗಾಗಿ ಪಾದ್ರಿಗಳಿಗೆ ಇದು ಧರ್ಮದ ಹೊರಗಿನ ಮಾತಲ್ಲ. ಮಹಾಧರ್ಮಾಧ್ಯಕ್ಷ ಫಿಲಿಪ್ ನೇರಿ ಫೆರಾವೊ ಅವರು 2018ರ ತಮ್ಮ ವಾರ್ಷಿಕ ಪತ್ರದಲ್ಲಿ, ಅಭಿವೃದ್ಧಿಯ ಹೆಸರಿನಲ್ಲಿ ಜನರನ್ನು ನೆಲ-ಮನೆಗಳಿಂದ ಕಿತ್ತುಹಾಕಲಾಗುತ್ತಿದೆ, ಸಂವಿಧಾನ ಅಪಾಯದಲ್ಲಿದೆ ಎಂದು ಬರೆದಾಗ ದೇಶದಾದ್ಯಂತ ಚರ್ಚೆಯಾಯಿತು.

ನನ್ನ ಅಸಮಾಧಾನ ಬೇರೆ ಕಡೆಯದು. ಸಂವಿಧಾನದ 243ನೆಯ ವಿಧಿಯ ಪ್ರಕಾರ ಗ್ರಾಮಸಭೆಯೆಂದರೆ ಆ ಗ್ರಾಮದ ಮತದಾರರ ಪಟ್ಟಿಯಲ್ಲಿ ಹೆಸರಿರುವವರು. ವಾಸ್ಕೋ ಕಡೆಯ ಝುವಾರಿನಗರದಲ್ಲೋ ಬೈನಾದಲ್ಲೋ ಬಾಡಿಗೆ ಕೋಣೆಯಲ್ಲಿರುವ ನಮ್ಮ ಗೌಂಡಿಯ, ಎಂದರೆ ಊರಿಂದ ಗಾರೆ ಕೆಲಸಕ್ಕೆ ಬಂದವನ, ಮತ ಗಜೇಂದ್ರಗಡದಲ್ಲಿದೆ, ರೇಷನ್ ಕಾರ್ಡು ಅತ್ತೆಯ ಮನೆಯಲ್ಲಿದೆ. ಗದ್ದೆ ಉಳಿಸಬೇಕೆಂಬ ನಿರ್ಣಯ ಅಂಗೀಕಾರವಾದ ದಿನ ಅವನ ಕೂಲಿ ನಿಲ್ಲುತ್ತದೆ, ಆದರೆ ಆ ಸಭೆಯಲ್ಲಿ ಅವನಿಗೆ ಬಾಯಿಯಿಲ್ಲ. ಗುಡ್ಡ ಕಡಿಯಬಾರದೆಂಬುದು ಸರಿಯೇ; ನಾನು ಅದರ ವಿರುದ್ಧ ಮಾತಾಡುತ್ತಿಲ್ಲ. 2004ರ ಮಳೆಗಾಲದಲ್ಲಿ ಬೈನಾ ದಂಡೆಯ ಗುಡಿಸಲುಗಳನ್ನು ಸರ್ಕಾರ ಬುಲ್ಡೋಜರ್ ತಂದು ಕೆಡವಿದ ಕಥೆಯನ್ನು ಹಳಬರು ಇಂದಿಗೂ ಹೇಳುತ್ತಾರೆ. ನೆಲದಿಂದ ಕಿತ್ತುಹಾಕುವುದೆಂದರೆ ಅದೂ ಹೌದಷ್ಟೆ. ಲಾಕ್‌ಡೌನಿನಲ್ಲಿ ನಮ್ಮ ಜನರಿಗೆ ಅಕ್ಕಿ-ಬೇಳೆ ಕೊಟ್ಟವರಲ್ಲಿ ಇಗರ್ಜಿಯವರು ಇದ್ದರು, ಆ ಉಪಕಾರವನ್ನು ಯಾರೂ ಮರೆತಿಲ್ಲ. ಆದರೆ ಕಾಳು ಕೊಡುವುದಕ್ಕೂ ಕಾಯ್ದೆ ಕೇಳುವುದಕ್ಕೂ ವ್ಯತ್ಯಾಸವಿದೆ. ನನ್ನ ಕಣ್ಣಿಗೆ ಬಿದ್ದ ಮಟ್ಟಿಗೆ, ಭೂಮಿಯ ವಿಷಯದಲ್ಲಿ ಏರುವ ದನಿ ವಲಸಿಗರ ಕೂಲಿಯ ವಿಷಯದಲ್ಲಿ ಅಷ್ಟೇ ಎತ್ತರಕ್ಕೆ ಏರುವುದಿಲ್ಲ. (ಮಹದಾಯಿಯ ವಿಷಯ ಎತ್ತಿದರೆ ನರಗುಂದದವರಿಗೂ ಇಲ್ಲಿಯವರಿಗೂ ಮಾತು ಹೊಂದುವುದಿಲ್ಲ, ಅದನ್ನು ಸದ್ಯ ಬದಿಗಿಡುತ್ತೇನೆ.)

ಕಳೆದ ವರ್ಷ ಇದನ್ನೇ ಪರಿಚಯದ ಪಾದ್ರಿಯೊಬ್ಬರ ಮುಂದೆ ಹೇಳಿದೆ. ಅವರು ವಾದಿಸಲಿಲ್ಲ; ನಿಮ್ಮವರ ಬೇಡಿಕೆಯನ್ನು ಬರವಣಿಗೆಯಲ್ಲಿ ಕೊಡಿ, ನಮ್ಮ ಇಗರ್ಜಿಯ ನ್ಯಾಯ-ಶಾಂತಿ ಗುಂಪಿನ ಮುಂದಿಡುತ್ತೇನೆ ಎಂದರು. ಆ ಗುಂಪು ಹಿಂದೆ ಕೊಟ್ಟಿದ್ದ ಮನವಿಯೊಂದರ ಪ್ರತಿಯನ್ನೂ ಮಾದರಿಗೆಂದು ಕೊಟ್ಟರು. ಅದನ್ನು ಕೋಣೆಯಲ್ಲಿ ಕೂತವರಿಗೆ ಕನ್ನಡದಲ್ಲಿ ಓದಿ ಹೇಳಿದಾಗ, ಸಿಮೆಂಟು ಹತ್ತಿದ ಕೈಯನ್ನು ಲುಂಗಿಗೆ ಒರೆಸಿಕೊಳ್ಳುತ್ತಾ ಬಾದಾಮಿ ಕಡೆಯ ಗೌಂಡಿಯೊಬ್ಬ ಕೇಳಿದ: “ಅಣ್ಣಾರ, ಗುಡ್ಡದ ಹೆಸರೈತಿ, ಹೊಳಿ ಹೆಸರೈತಿ, ನಮ್ಮ ಹೆಸರು ಎಲ್ಲೈತ್ರಿ?”

ಬೇಡಿಕೆ ದೊಡ್ಡದೇನಲ್ಲ. ಕಟ್ಟಡ ಕಾರ್ಮಿಕರ 1996ರ ಕಾಯ್ದೆಗಳು ಹಾಕಿಕೊಟ್ಟ ಪದ್ಧತಿಯಂತೆ ಕಟ್ಟಡದ ವೆಚ್ಚದ ಮೇಲೆ ಶೇ. 1ರಷ್ಟು ಸೆಸ್ ವಸೂಲಾಗಿ ಕಲ್ಯಾಣ ಮಂಡಳಿಗೆ ಹೋಗುತ್ತದೆ. ಹದಿನೆಂಟರಿಂದ ಅರವತ್ತು ವಯಸ್ಸಿನೊಳಗಿನ ಕಾರ್ಮಿಕ, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ದುಡಿದದ್ದಕ್ಕೆ ಪ್ರಮಾಣಪತ್ರ ತಂದರೆ ಅವನ ಹೆಸರು ನೋಂದಣಿಯಾಗುತ್ತದೆ. ಅವನು ಯಾವ ರಾಜ್ಯದವನಾದರೂ ಸರಿ. ಗಂಟು ಇರುವುದು ಆ ಪ್ರಮಾಣಪತ್ರದಲ್ಲಿ. ಒಂದೇ ವರ್ಷದಲ್ಲಿ ಮೂರು-ನಾಲ್ಕು ಮೇಸ್ತ್ರಿಗಳ ಕೈಕೆಳಗೆ ದುಡಿದವನಿಗೆ ಒಬ್ಬರೂ ಸಹಿ ಹಾಕುವುದಿಲ್ಲ, ಏಕೆಂದರೆ ಸಹಿ ಹಾಕಿದವರು ಕಾಯ್ದೆಯ ಕಣ್ಣಿಗೆ ಅವನನ್ನು ದುಡಿಸಿಕೊಂಡ ಮಾಲೀಕರಾಗಿಬಿಡುತ್ತಾರೆ. ಆದ್ದರಿಂದ ಪಂಚಾಯಿತಿಯೇ ಕೆಲಸದ ಸ್ಥಳ ನೋಡಿ ದೃಢೀಕರಿಸಬೇಕು, ಮತವಿಲ್ಲದ ನಿವಾಸಿಗಳ ಅರ್ಜಿಯನ್ನೂ ಗ್ರಾಮಸಭೆಯಲ್ಲಿ ಓದಬೇಕು ಎಂದು ಬರೆದೆವು. ಇಗರ್ಜಿಯ ಗುಂಪಿನ ನಿವೃತ್ತ ಶಿಕ್ಷಕಿಯೊಬ್ಬರು ಅದನ್ನು ಕೊಂಕಣಿಗೆ ತಿರುಗಿಸಿ, ತಮ್ಮ ಮತದಾರರ ಸಂಖ್ಯೆ ನಮೂದಿಸಿ, ತಮ್ಮದೇ ಸಹಿಯಲ್ಲಿ ಪಂಚಾಯಿತಿಗೆ ಕೊಟ್ಟು ಸ್ವೀಕೃತಿ ಪಡೆದಿದ್ದಾರೆ. ಪ್ರಮಾಣಪತ್ರಕ್ಕೆ ಸಹಿ ಹಾಕಲೊಲ್ಲದ ಕಚೇರಿಗಳ ಪಟ್ಟಿಯನ್ನೂ ಅದರ ಜೊತೆಗೆ ಲಗತ್ತಿಸಲಾಗಿದೆ. ಅದರಲ್ಲಿ ನಾನು ಲೆಕ್ಕ ಬರೆಯುವ ಕಚೇರಿಯ ಹೆಸರು ಎರಡನೆಯದು.