ಟಿವಿ ಹಾಕಿದ್ದಕ್ಕೆ ಕಾರಣ

ನಿಮ್ಮ ಕೇಂದ್ರದಲ್ಲಿ ಮಕ್ಕಳಿಗೆ ಟಿವಿ ತೋರಿಸುತ್ತೀರಾ ಎಂದು ಮೂರು ವರ್ಷದ ಹಿಂದೆ ಯಾರಾದರೂ ಕೇಳಿದ್ದರೆ, ‘ಹೆಚ್ಚೆಂದರೆ ದಿನಕ್ಕೆ ಅರ್ಧ ಗಂಟೆ’ ಎಂದು ತಡವರಿಸದೆ ಹೇಳುತ್ತಿದ್ದೆ. ಅದು ಸುಳ್ಳೆಂದು ನನಗೇ ಗೊತ್ತಿರಲಿಲ್ಲ. ಒಂದರಿಂದ ಐದು ವರ್ಷದ ಮಕ್ಕಳನ್ನು ಹಗಲು ಹೊತ್ತು ನೋಡಿಕೊಳ್ಳುವ ಕೆಲಸದಲ್ಲಿ ನನಗಿದು ಹನ್ನೊಂದನೆಯ ವರ್ಷ. ಆಗಲೂ ಈಗಲೂ ಕೇಂದ್ರದ ಉಸ್ತುವಾರಿ ನನ್ನದೇ.

ಒಂದು ಸಂಜೆ ಒಬ್ಬ ಹುಡುಗಿಯ ತಂದೆ ಎಂದಿಗಿಂತ ಬೇಗ ಬಂದರು. ಎರಡೂವರೆ ವರ್ಷದ ಮಗು ಅದು, ಮೊದಲೆಲ್ಲ ಗೇಟಿನ ಸದ್ದಾದರೆ ಸಾಕು, ಆಡುತ್ತಿದ್ದುದನ್ನು ಬಿಟ್ಟು ಓಡುತ್ತಿತ್ತು. ಅವತ್ತು ಚಾಪೆಯ ಮೇಲೆ ಬೇರೆ ಎಂಟು ಮಕ್ಕಳ ನಡುವೆ ಕಾಲು ಚಾಚಿ ಕುಳಿತಿದ್ದಳು, ಬಾಯಿ ಅರ್ಧ ತೆರೆದಿತ್ತು. ತಂದೆ ಬಾಗಿಲಲ್ಲಿ ನಿಂತು ಹೆಸರು ಹಿಡಿದು ಕರೆದರು. ಇನ್ನೊಮ್ಮೆ ಕರೆದರು. ಕೊನೆಗೆ ಒಳಗೆ ಬಂದು ಕುಕ್ಕರಗಾಲಲ್ಲಿ ಕುಳಿತು ಶೂ ತೊಡಿಸಿದರು. ಅವಳು ಕಾಲು ಕೊಟ್ಟಳು, ಕಣ್ಣು ಕೊಡಲಿಲ್ಲ. ಎತ್ತಿಕೊಂಡು ಹೊರಟಾಗಲೂ ಅವರ ಹೆಗಲ ಮೇಲಿಂದ ಕತ್ತು ತಿರುಗಿಸಿ ಟಿವಿಯನ್ನೇ ನೋಡುತ್ತಿದ್ದಳು. ಆ ತಂದೆ ಏನೂ ಅನ್ನಲಿಲ್ಲ. ಅಂದಿದ್ದರೆ ನನಗೆ ಸಮಾಧಾನವಾಗುತ್ತಿತ್ತೇನೋ.

ಮರುದಿನ ದಿನಚರಿ ಪುಸ್ತಕದ ಹಿಂದಿನ ಪುಟಗಳಿಗೆ ಗೆರೆ ಎಳೆದು ನಾಲ್ಕು ಕಾಲಂ ಮಾಡಿದೆ: ಹಾಕಿದ ಹೊತ್ತು, ಆರಿಸಿದ ಹೊತ್ತು, ಎಷ್ಟು ಮಕ್ಕಳು, ಕಾರಣ. ಯಾರನ್ನೂ ಹಿಡಿದು ಕೇಳುವುದಕ್ಕಲ್ಲ, ಎರಡು ವಾರ ಸುಮ್ಮನೆ ಬರೆಯೋಣ ಎಂದು ಉಳಿದವರಿಗೆ ಹೇಳಿದೆ. ಮೊದಲ ದಿನವೇ ಒಂದು ಗಂಟೆ ಐವತ್ತು ನಿಮಿಷ ಬಂತು. ಹತ್ತು ಹತ್ತು ನಿಮಿಷದ ತುಂಡುಗಳನ್ನು ನಾವು ಯಾರೂ ಲೆಕ್ಕಕ್ಕೇ ಹಿಡಿದಿರಲಿಲ್ಲ.

ಮೊತ್ತಕ್ಕಿಂತ ಹೆಚ್ಚಾಗಿ ನನ್ನನ್ನು ಚುಚ್ಚಿದ್ದು ನಾಲ್ಕನೆಯ ಕಾಲಂ. ‘ಊಟ ಬಡಿಸಬೇಕಿತ್ತು.’ ‘ನೆಲ ಒರೆಸುವಾಗ.’ ‘ಇಬ್ಬರೇ ಇದ್ದೆವು.’ ‘ಮಳೆ.’ ‘ಪೋಷಕರ ಫೋನ್ ಬಂತು.’ ‘ತಲೆನೋವು.’ ಈ ಕೊನೆಯದು ನನ್ನದೇ ಕೈಬರಹ. ಮಗುವಿಗೆ ಏನನ್ನೋ ತೋರಿಸಬೇಕೆಂದು ಹಾಕಿದ್ದು ಎರಡು ವಾರದಲ್ಲಿ ಒಂದೇ ಸಲ, ಕೋಶ ಒಡೆದು ಚಿಟ್ಟೆ ಹೊರಬರುವ ನಾಲ್ಕು ನಿಮಿಷದ ವಿಡಿಯೊ. ಮಿಕ್ಕದ್ದೆಲ್ಲ ದೊಡ್ಡವರ ಕಾರಣಗಳು. ನೇಮಕವಾಗದ ಒಬ್ಬ ಆಯಾಳ ಜಾಗದಲ್ಲಿ ಸಂಬಳವಿಲ್ಲದೆ ಟಿವಿ ದುಡಿಯುತ್ತಿತ್ತು.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಐದು ವರ್ಷದೊಳಗಿನ ಮಕ್ಕಳಿಗಾಗಿ ಹೊರತಂದ ಮಾರ್ಗಸೂಚಿ ನಮ್ಮ ಸೂಚನಾ ಫಲಕದಲ್ಲೇ ತೂಗುತ್ತಿತ್ತು. ಎರಡು ವರ್ಷ ತುಂಬುವವರೆಗೆ ಕುಳಿತು ನೋಡುವ ಸ್ಕ್ರೀನ್ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಅದಕ್ಕೂ ಕಡಿಮೆಯಾದರೆ ಇನ್ನೂ ಒಳ್ಳೆಯದು. ಅಲ್ಲಿರುವ ‘ದಿನಕ್ಕೆ’ ಎಂಬ ಮಾತನ್ನು ನಾನು ಅಷ್ಟು ವರ್ಷ ಸರಿಯಾಗಿ ಓದಿಯೇ ಇರಲಿಲ್ಲ. ದಿನ ಎಂದರೆ ಮನೆ, ದಾರಿ, ಕೇಂದ್ರ ಎಲ್ಲ ಸೇರಿ. ಮನೆಯವರು ಮಗುವಿನ ಪಕ್ಕ ಕುಳಿತು ಒಂದು ಕಥೆ ನೋಡಬಹುದಾಗಿದ್ದ ಹೊತ್ತನ್ನೂ ನಾವೇ ನೆಲ ಒರೆಸುವಾಗ ಖರ್ಚು ಮಾಡಿಬಿಟ್ಟಿರುತ್ತಿದ್ದೆವು. ಅದರ ಮೇಲೆ ನಮ್ಮದು ಎಲ್ಲ ವಯಸ್ಸಿನವರೂ ಇರುವ ಕೋಣೆ. ನಾಲ್ಕು ವರ್ಷದವರಿಗೆಂದು ಹಾಕಿದ ಟಿವಿಯ ಕಡೆಗೆ ಒಂದು ವರ್ಷದ ಕೂಸೂ ಅಂಬೆಗಾಲಿಟ್ಟು ಬರುತ್ತಿತ್ತು.

‘ಹಾಡು, ಬಣ್ಣ, ಅಂಕಿ ಎಲ್ಲ ಅದರಿಂದಲೇ ಕಲಿಯುತ್ತವಲ್ಲ ಮಿಸ್’ ಎಂದು ನಮ್ಮ ಹಿರಿಯ ಆಯಾ ವಾದ ಹೂಡಿದರು. ತಳ್ಳಿಹಾಕುವ ಮಾತಲ್ಲ ಅದು. ಮೂರೂವರೆ, ನಾಲ್ಕು ವರ್ಷದ ಮಕ್ಕಳು ನಿಧಾನವಾಗಿ ಸಾಗುವ ಒಳ್ಳೆಯ ಕಾರ್ಯಕ್ರಮದಿಂದ ಕಲಿಯುತ್ತಾರೆ, ಪಕ್ಕದಲ್ಲಿ ಒಬ್ಬರು ಕುಳಿತು ಮಾತನಾಡಿಸುತ್ತಿದ್ದರೆ ಇನ್ನಷ್ಟು. ಅದಕ್ಕಿಂತ ಚಿಕ್ಕವರ ಕಥೆ ಬೇರೆ. 2003ರಲ್ಲಿ ಪ್ರಕಟವಾದ ಒಂದು ಪ್ರಯೋಗ ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಅಮೆರಿಕದ ಒಂಬತ್ತು ತಿಂಗಳ ಕೂಸುಗಳಿಗೆ ಹನ್ನೆರಡು ಬೈಠಕ್‌ಗಳಲ್ಲಿ ಚೀನಾದ ಮ್ಯಾಂಡರಿನ್ ಭಾಷೆಯನ್ನು ಕೇಳಿಸಿದರು. ಎದುರಿಗೆ ಕುಳಿತ ಮನುಷ್ಯರು ಪುಸ್ತಕ ಓದಿ, ಆಟಿಕೆ ಹಿಡಿದು ಮಾತನಾಡಿದಾಗ ಕೂಸುಗಳು ಆ ಭಾಷೆಯ ಧ್ವನಿಗಳನ್ನು ಗುರುತಿಸಲು ಕಲಿತವು. ಅವರೇ ಮಾತನಾಡಿದ ವಿಡಿಯೊ ತೋರಿಸಿದ ಕೂಸುಗಳು ಏನೂ ಕಲಿಯಲಿಲ್ಲ. ಎದುರಿಗಿರುವವರು ಮಗು ಎತ್ತ ನೋಡಿತೋ ಅತ್ತ ತಿರುಗುತ್ತಾರೆ, ಅದು ಗುರ್ ಎಂದರೆ ಮರುಮಾತು ಕೊಡುತ್ತಾರೆ. ಟಿವಿಗೆ ಎದುರಿಗಿರುವುದು ಮಗುವೋ ಕುರ್ಚಿಯೋ ಎಂಬುದೂ ಗೊತ್ತಿಲ್ಲ.

ಇನ್ನೊಂದು, ಯಾರೂ ನೋಡದಿದ್ದರೂ ಓಡುತ್ತಲೇ ಇರುವ ಟಿವಿ. 2008ರ ಒಂದು ಅಧ್ಯಯನದಲ್ಲಿ ಒಂದರಿಂದ ಮೂರು ವರ್ಷದ ಮಕ್ಕಳನ್ನು ಆಟಿಕೆಗಳ ಜೊತೆ ಬಿಟ್ಟು, ಅರ್ಧ ಹೊತ್ತು ದೊಡ್ಡವರ ಕಾರ್ಯಕ್ರಮವೊಂದನ್ನು ಹಾಕಿಟ್ಟರು. ಮಕ್ಕಳು ಅತ್ತ ನೋಡಿದ್ದು ಆಗೊಮ್ಮೆ ಈಗೊಮ್ಮೆ ಮಾತ್ರ. ಆದರೂ ಒಂದು ಆಟದಲ್ಲಿ ನಿಲ್ಲುವ ಹೊತ್ತು ಕಡಿಮೆಯಾಯಿತು. ಅದನ್ನು ಓದಿದ ಮೇಲೆ ಬೆಳಗಿನ ಹೊತ್ತು ಹಿನ್ನೆಲೆಯಲ್ಲಿ ಹಾಡು ಹಾಕಿಡುವ ನಮ್ಮ ರೂಢಿ ಮೊದಲು ಹೋಯಿತು. ಅದನ್ನು ಬಿಡುವುದು ಸುಲಭವೂ ಆಗಿತ್ತು.

ಕಷ್ಟವಿದ್ದದ್ದು ಸಂಜೆಯ ಒಂದೂವರೆ ಗಂಟೆ. ಮಕ್ಕಳು ದಣಿದಿರುತ್ತವೆ, ನಾವೂ ದಣಿದಿರುತ್ತೇವೆ. ಒಬ್ಬೊಬ್ಬರೇ ಪೋಷಕರು ಬರುತ್ತಿದ್ದಂತೆ ಉಳಿದ ಮಕ್ಕಳಿಗೆ ಅಳು ಒತ್ತರಿಸುತ್ತದೆ. ಇಬ್ಬರು ಆಯಾಗಳ ಪಾಳಿಯೂ ಆಗಲೇ ಮುಗಿಯುತ್ತಿತ್ತು. ಟಿವಿ ತೆಗೆದ ಮೊದಲ ವಾರ ಎರಡು ಸಲ ಕಚ್ಚಾಟವಾಯಿತು, ಒಂದು ಮಗುವಿನ ಕೈಯಲ್ಲಿ ಹಲ್ಲಿನ ಗುರುತು ಎರಡು ದಿನ ಉಳಿಯಿತು. ಅದರ ತಾಯಿಗೆ ವಿವರಿಸುವಾಗ, ಟಿವಿ ಇದ್ದರೆ ಹೀಗಾಗುತ್ತಿರಲಿಲ್ಲ ಎಂಬ ಮಾತು ನನ್ನ ನಾಲಿಗೆಯ ತುದಿಯವರೆಗೂ ಬಂದಿತ್ತು.

ಆಟಗಳ ಪಟ್ಟಿ ಮಾಡಿ ಗೋಡೆಗೆ ಅಂಟಿಸಿದೆ. ಅದರಿಂದ ಕವಡೆ ಕಾಸಿನ ಪ್ರಯೋಜನವಾಗಲಿಲ್ಲ. ಸಂಜೆ ಐದು ಗಂಟೆಗೆ ಹೊಸ ಆಟ ಹೇಳಿಕೊಡುವ ಚೈತನ್ಯ ಯಾರಲ್ಲೂ ಉಳಿದಿರುವುದಿಲ್ಲ. ದಾರಿ ತೆರೆದದ್ದು ಎರಡು ಕಡೆಯಿಂದ. ಒಬ್ಬ ಆಯಾಳ ಪಾಳಿಯನ್ನು ಒಂದು ಗಂಟೆ ತಡವಾಗಿ ಶುರುಮಾಡಿ ತಡವಾಗಿ ಮುಗಿಸುವಂತೆ ಮಾಡಿದೆವು. ಇದನ್ನು ಮಾಡಿಸಲು ಆಡಳಿತದವರ ಜೊತೆ ನಾನು ಎರಡು ತಿಂಗಳು ಗುದ್ದಾಡಿದ್ದೇನೆ, ಅದರ ಪುರಾಣ ಇಲ್ಲಿ ಬೇಡ. ಎರಡನೆಯದು ತಾನಾಗಿ ಆದದ್ದು. ಟಿವಿ ಬೇಕೆಂದು ವಾದಿಸಿದ್ದ ಅದೇ ಹಿರಿಯ ಆಯಾ ಒಂದು ಸಂಜೆ ಒಣಗಿದ ಕೈವಸ್ತ್ರಗಳ ರಾಶಿಯನ್ನು ಚಾಪೆಯ ನಡುವೆ ಸುರಿದು ಮಡಿಸತೊಡಗಿದರು. ಮೊದಲಾಗಿದ್ದರೆ ಇದು ಟಿವಿ ಹಾಕಿ, ಒಳಗೆ ಕುಳಿತು ಮುಗಿಸುತ್ತಿದ್ದ ಕೆಲಸ. ‘ಮೂಲೆಗೆ ಮೂಲೆ, ತಟ್ಟು ತಟ್ಟು’ ಎಂದು ತಮ್ಮಷ್ಟಕ್ಕೆ ಅನ್ನುತ್ತಿದ್ದರು. ಐದು ನಿಮಿಷದಲ್ಲಿ ಏಳು ಮಕ್ಕಳು ಸುತ್ತ ಕುಳಿತಿದ್ದವು. ಮಡಿಸಿದ್ದಕ್ಕಿಂತ ಮುದ್ದೆ ಮಾಡಿದ್ದೇ ಹೆಚ್ಚು, ಕೆಲಸ ಮೂರು ಪಟ್ಟು ಹೊತ್ತು ಹಿಡಿಯಿತು. ಇನ್ನೂ ಸರಿಯಾಗಿ ಮಾತು ಬಾರದ ಒಬ್ಬ ಹುಡುಗ ಮರುದಿನ ಬೆಳಿಗ್ಗೆ ತನ್ನ ಅಂಗಿಯ ತುದಿ ಹಿಡಿದು ‘ಮೂಯೆ, ಮೂಯೆ’ ಎನ್ನುತ್ತ ಬಂದ. ಈಗ ಆಟಿಕೆ ಒರೆಸುವುದು, ಲೋಟ ಜೋಡಿಸುವುದು, ಗಿಡಕ್ಕೆ ನೀರು ಹಾಕುವುದು, ಇವನ್ನೆಲ್ಲ ಬೇಕೆಂದೇ ಸಂಜೆಗೆ ಉಳಿಸಿಕೊಳ್ಳುತ್ತೇವೆ.

ಪೋಷಕರಲ್ಲಿ ಕೆಲವರು ಖುಷಿಪಟ್ಟರು, ಕೆಲವರು ‘ಮನೆಯಲ್ಲಿ ಹೇಗೂ ನೋಡುತ್ತದಲ್ಲ’ ಎಂದರು. ಮಗು ತಂತ್ರಜ್ಞಾನದಲ್ಲಿ ಹಿಂದೆ ಬಿದ್ದೀತು ಎಂಬ ಚಿಂತೆ ಒಬ್ಬರದು. ಬೆರಳಿಂದ ಪರದೆ ಸವರುವುದನ್ನು ಕಲಿಯಲು ಯಾವ ಮಗುವಿಗೂ ನಮ್ಮ ನೆರವು ಬೇಕಾಗಿಲ್ಲ ಎಂದೆ. ಫ್ರಾನ್ಸ್‌ನಲ್ಲಂತೂ 2025ರಲ್ಲಿ ಸರ್ಕಾರವೇ ಮೂರು ವರ್ಷದೊಳಗಿನ ಮಕ್ಕಳ ಪಾಲನಾ ಕೇಂದ್ರಗಳಲ್ಲಿ ಸ್ಕ್ರೀನ್ ಬೇಡವೆಂದು ಆದೇಶ ಹೊರಡಿಸಿತು. ಅಂಥ ಆದೇಶ ನನ್ನ ಕೈಯಲ್ಲಿದ್ದಿದ್ದರೆ ಆಡಳಿತದವರ ಜೊತೆಗಿನ ಎರಡು ತಿಂಗಳು ಉಳಿಯುತ್ತಿತ್ತು ಎಂದು ಹೊಟ್ಟೆಯುರಿದದ್ದು ನಿಜ.

ಆದರೆ ನಿಯಮ ಕೈಗೆ ಬಂದಾಗ ನಾನು ಮಾಡಿದ ತಪ್ಪನ್ನೂ ಹೇಳಬೇಕು. ‘ಕೋಣೆಯೊಳಗೆ ಯಾವುದೇ ಸ್ಕ್ರೀನ್ ಇಲ್ಲ’ ಎಂದು ದಪ್ಪ ಅಕ್ಷರದಲ್ಲಿ ಬರೆದು ಹಾಕಿದ್ದೆ. ನಾಲ್ಕು ವರ್ಷದ ಒಬ್ಬ ಹುಡುಗ ಹೊಸದಾಗಿ ಸೇರಿದ. ಅವನಿಗೆ ಮಾತಿಲ್ಲ. ಚೀಲದಲ್ಲಿ ಒಂದು ಟ್ಯಾಬ್ಲೆಟ್, ಅದರಲ್ಲಿ ಚಿತ್ರಗಳು. ನೀರಿನ ಚಿತ್ರ ಒತ್ತಿದರೆ ಅದು ‘ನೀರು’ ಎನ್ನುತ್ತದೆ. ಹೊಸ ಸಹಾಯಕಿ ನಿಯಮ ಓದಿ, ಅದನ್ನು ತೆಗೆದು ಕಪಾಟಿನ ಮೇಲಿಟ್ಟಳು. ಮಧ್ಯಾಹ್ನ ನಾನು ಬಂದಾಗ ಹುಡುಗ ಕಪಾಟಿನ ಕೆಳಗೆ ನಿಂತು ತೋರುಬೆರಳಿನಿಂದ ತನ್ನ ಅಂಗೈಯನ್ನು ಒತ್ತುತ್ತಿದ್ದ, ಮತ್ತೆ ಮತ್ತೆ, ಒಂದೇ ಜಾಗದಲ್ಲಿ. ಅವನ ಬಾಯಿಯನ್ನೇ ಕಿತ್ತು ಕಪಾಟಿನ ಮೇಲಿಟ್ಟಿದ್ದೆವು. ಸಹಾಯಕಿಯನ್ನು ದೂರುವ ಹಾಗಿರಲಿಲ್ಲ, ಫಲಕ ಬರೆದವಳು ನಾನು. ಅವತ್ತೇ ಅದನ್ನು ಕಿತ್ತೆ. ಟ್ಯಾಬ್ಲೆಟ್ ಈಗ ದಾರಕ್ಕೆ ಕಟ್ಟಿಕೊಂಡು ಅವನ ಎದೆಯ ಮೇಲೇ ಇರುತ್ತದೆ. ದೂರದ ಆಸ್ಪತ್ರೆಯಲ್ಲಿದ್ದ ತಾಯಿಯ ಜೊತೆ ಒಂದು ಮಗು ದಿನಾ ಮಾಡುತ್ತಿದ್ದ ವಿಡಿಯೊ ಕರೆಯನ್ನೂ ನಾವು ತಡೆಯಲಿಲ್ಲ. ಅದರಲ್ಲಿ ಆಚೆ ಬದಿಯಿಂದ ಉತ್ತರ ಕೊಡುವವರಿದ್ದರು.

ಇಷ್ಟೆಲ್ಲ ಆದ ಮೇಲೂ ಕೋಣೆಯಲ್ಲಿ ಒಂದು ಸ್ಕ್ರೀನ್ ಉಳಿದಿತ್ತು. ನಮ್ಮದು. ಪೋಷಕರ ವಾಟ್ಸ್‌ಆ್ಯಪ್ ಗುಂಪಿಗೆ ದಿನಾ ಫೋಟೊ ಕಳಿಸುತ್ತಿದ್ದೆವು. ಒಮ್ಮೆ ಒಬ್ಬಳು ಮರದ ತುಂಡುಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದಳು. ಏಳನೆಯದನ್ನು ಉಸಿರು ಬಿಗಿಹಿಡಿದು ಇಡುತ್ತಿರುವಾಗ ನಾನು ಮೊಬೈಲ್ ಎತ್ತಿದೆ. ಅವಳು ತುಂಡನ್ನು ಕೆಳಗಿಟ್ಟು, ಕೈ ಕಟ್ಟಿ, ಹಲ್ಲು ಕಿರಿದು ನಿಂತಳು. ಫೋಟೊ ಚೆನ್ನಾಗಿಯೇ ಬಂತು. ಗೋಪುರ ಆರಕ್ಕೇ ನಿಂತಿತು. ಈಗ ವಾರಕ್ಕೆ ಎರಡು ದಿನ ಮಾತ್ರ ಫೋಟೊ. ಮಿಕ್ಕ ದಿನ ಮೊಬೈಲುಗಳು ಬಾಗಿಲ ಬಳಿಯ ಪೆಟ್ಟಿಗೆಯಲ್ಲಿ, ತುರ್ತು ಕರೆಗೆ ಸ್ಥಿರ ದೂರವಾಣಿ ಇದೆ. ಟಿವಿ ತೆಗೆದಾಗ ಬಂದದ್ದಕ್ಕಿಂತ ಹೆಚ್ಚು ದೂರು ಇದಕ್ಕೆ ಬಂತು.

ಟಿವಿಯನ್ನು ಮಾರಿಲ್ಲ, ಉಗ್ರಾಣದಲ್ಲಿದೆ. ನಾಲ್ಕು ಕಾಲಂನ ಪುಟವೂ ಮುಂದುವರಿದಿದೆ, ಬಹುತೇಕ ಖಾಲಿ. ಕಳೆದ ತಿಂಗಳು ಇಬ್ಬರು ಒಟ್ಟಿಗೆ ರಜೆ ಹಾಕಿದ ದಿನ, ಒಂದು ಮಗುವಿಗೆ ವಾಂತಿ ಶುರುವಾಗಿ ನಾನೂ ಒಬ್ಬ ಆಯಾಳೂ ಇಬ್ಬರೇ ಉಳಿದಾಗ, ಅದನ್ನು ಎಳೆದು ತಂದು ಹಾಕಿದೆ. ಮಕ್ಕಳು ತೆಪ್ಪಗೆ ಕುಳಿತವು, ನಮಗೆ ಕೈ ಬಿಡುವಾಯಿತು. ಸಂಜೆ ಪುಸ್ತಕ ತೆಗೆದು ಬರೆದೆ: 11.10, 11.35, ಹತ್ತು ಮಕ್ಕಳು. ಕಾರಣ: ಜನ ಇರಲಿಲ್ಲ.