ಐರಿಷ್ ಪ್ಯಾರಿಷ್ ರಿಜಿಸ್ಟರ್ ಓದುವಾಗ: ಮೊದಲು ಪಾದ್ರಿಯ ಕೈಬರಹ, ಆಮೇಲೆ ಹೆಸರು

ಐರ್ಲೆಂಡಿನ ಹಳೆಯ ಚರ್ಚ್ ರಿಜಿಸ್ಟರುಗಳನ್ನು, ಅಂದರೆ ಪ್ರತಿ ಪ್ಯಾರಿಷ್‌ನ (ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಪ್ರದೇಶದ) ದೀಕ್ಷಾಸ್ನಾನ, ಮದುವೆಗಳ ಪುಸ್ತಕಗಳನ್ನು, ಓದಿ ಟೈಪ್ ಮಾಡುವ ಕೆಲಸಕ್ಕೆ ಹೊಸದಾಗಿ ಬಂದವರು ಮೊದಲು ಕೇಳುವುದು, "ಇದು ಯಾವ ಹೆಸರು?" ಎಂದು. ಅದಕ್ಕಿಂತ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ ಇದೆ: ಇದೇ ಪಾದ್ರಿ ಇದೇ ಅಕ್ಷರವನ್ನು ಬೇರೆ ಸಾಲುಗಳಲ್ಲಿ ಹೇಗೆ ಬರೆದಿದ್ದಾರೆ?

ಈ ಪುಟಗಳ ಬೆಲೆ ತಿಳಿದರೆ ಇಷ್ಟು ತಾಳ್ಮೆ ಏಕೆ ಬೇಕೆಂದು ಅರ್ಥವಾಗುತ್ತದೆ. 1922ರ ಜೂನ್ 30ರಂದು ಡಬ್ಲಿನ್ನಿನ ಫೋರ್ ಕೋರ್ಟ್ಸ್‌ನಲ್ಲಿದ್ದ ಸರ್ಕಾರಿ ದಾಖಲೆ ಕಚೇರಿ ಸುಟ್ಟುಹೋಯಿತು. 1821ರಿಂದ 1851ರವರೆಗಿನ ನಾಲ್ಕು ಜನಗಣತಿಗಳು ಚೂರುಪಾರು ಬಿಟ್ಟರೆ ಪೂರ್ತಿ ಬೂದಿಯಾದವು. 1861 ಮತ್ತು 1871ರ ಹಾಳೆಗಳನ್ನು ಸರ್ಕಾರವೇ ಅದಕ್ಕೆ ಮೊದಲೇ ನಾಶ ಮಾಡಿಸಿತ್ತು. 1881 ಮತ್ತು 1891ರವು ಮೊದಲ ಮಹಾಯುದ್ಧದ ಕಾಲದಲ್ಲಿ ರದ್ದಿಯಾಗಿ ಹೋದವು. ಎಲ್ಲ ಮತದವರ ಜನನ, ಮರಣ, ಮದುವೆಗಳನ್ನೂ ಸರ್ಕಾರ ನೋಂದಾಯಿಸಲು ಶುರುಮಾಡಿದ್ದು 1864ರಲ್ಲಿ. ಹಾಗಾಗಿ ಅದಕ್ಕಿಂತ ಹಿಂದಿನ ಒಬ್ಬ ಬಡ ಕ್ಯಾಥೋಲಿಕ್ ಗೇಣಿದಾರನ ಮಗಳ ಹೆಸರು ಚರ್ಚ್ ಪುಸ್ತಕದ ಒಂದು ಸಾಲಿನಲ್ಲಿ ಬಿಟ್ಟರೆ ಇನ್ನೆಲ್ಲೂ ಇಲ್ಲದಿರಬಹುದು. ಕ್ಯಾಥೋಲಿಕ್ ಪುಸ್ತಕಗಳು ಆಯಾ ಪ್ಯಾರಿಷ್‌ನಲ್ಲೇ ಇದ್ದುದರಿಂದ ಆ ಬೆಂಕಿಯಿಂದ ಉಳಿದವು. ಐರ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ ಅವುಗಳಲ್ಲಿ ಹೆಚ್ಚಿನವನ್ನು ಸುಮಾರು 1880ರವರೆಗೆ ಮೈಕ್ರೋಫಿಲ್ಮ್ ಮಾಡಿಸಿ, 2015ರಲ್ಲಿ ಆನ್‌ಲೈನಿನಲ್ಲಿ ಉಚಿತವಾಗಿ ಇಟ್ಟಿದೆ. ಅಲ್ಲಿರುವುದು ಚಿತ್ರಗಳು ಮಾತ್ರ. ಅಮೆರಿಕದಲ್ಲೋ ಆಸ್ಟ್ರೇಲಿಯಾದಲ್ಲೋ ಕುಳಿತವರು ತಮ್ಮ ಹಿರಿಯರ ಹೆಸರನ್ನು ಹುಡುಕಬೇಕಾದರೆ ಯಾರಾದರೂ ಅದನ್ನು ಓದಿ ಟೈಪ್ ಮಾಡಿರಲೇಬೇಕು.

ಹೊಸ ಪಾದ್ರಿಯ ಕೈಬರಹ ಶುರುವಾದ ಕೂಡಲೇ ಟೈಪಿಂಗ್ ನಿಲ್ಲಿಸಿ. ಮೇರಿ, ಪ್ಯಾಟ್ರಿಕ್, ಜಾನ್, ಬ್ರಿಜೆಟ್ ತರಹದ, ಅನುಮಾನಕ್ಕೆ ಎಡೆಯಿಲ್ಲದ ಹೆಸರುಗಳನ್ನು ಐದಾರು ಪುಟಗಳಿಂದ ಹುಡುಕಿ, ಅವುಗಳ ಅಕ್ಷರಗಳನ್ನು ಕತ್ತರಿಸಿ ಒಂದು ವರ್ಣಮಾಲೆಯ ಹಾಳೆ ಮಾಡಿಕೊಳ್ಳಿ. ದೊಡ್ಡಕ್ಷರಗಳಲ್ಲಿ ಎಲ್ ಮತ್ತು ಎಸ್, ಟಿ ಮತ್ತು ಎಫ್, ಕೆ ಮತ್ತು ಆರ್ ಕಲಸಿಹೋಗುತ್ತವೆ. ಸಣ್ಣಕ್ಷರಗಳಲ್ಲಿ ಎನ್ ಮತ್ತು ಯು ಒಂದೇ ತರಹ ಕಾಣುತ್ತವೆ. ಎರಡು ಎಸ್ ಒಟ್ಟಿಗೆ ಬಂದಲ್ಲಿ ಮೊದಲನೆಯದು ಉದ್ದವಾಗಿ ಇಳಿದು ಎಫ್ ಅಥವಾ ಪಿ ಎಂದು ಮೋಸಗೊಳಿಸುತ್ತದೆ. ಈ ಹಾಳೆಗೆ ಒಂದು ಗಂಟೆ ಹೋದರೂ ನಷ್ಟವಿಲ್ಲ, ಆ ಕೈಬರಹ ಮುಂದೆ ಹತ್ತಿಪ್ಪತ್ತು ವರ್ಷದ ನಮೂದುಗಳಲ್ಲಿ ಸಿಗುತ್ತಿರುತ್ತದೆ.

ಮಾದರಿಗೆ ಕೌಂಟಿ ಕೆರಿಯ ಕಡೆ ಸಿಗುವಂಥ ಒಂದು ಲ್ಯಾಟಿನ್ ಸಾಲು ನೋಡೋಣ: "7ಬರ್ 14. ಬ್ಯಾಪ್ಟ್. ಜಾಕ್. ಫಿಲ್. ಲೆಜ್. ಥಡೇಯಿ ಸಲಿವನ್ ಎಟ್ ಹೊನೋರೆ ಶೇ. ಎಸ್‌ಪಿ. ಕಾರ್ನೇಲಿಯಸ್ ಸಲಿವನ್ ಎಟ್ ಬ್ರಿಜಿಡಾ ಲಿಂಚ್." ಬ್ಯಾಪ್ಟ್. ಎಂದರೆ ದೀಕ್ಷಾಸ್ನಾನವಾಯಿತು, ಫಿಲ್. ಲೆಜ್. ಎಂದರೆ ಮದುವೆಯಾದ ದಂಪತಿಯ ಮಗ, ಎಟ್ ಎಂದರೆ ಮತ್ತು. ಮೊದಲ ಎಡವಟ್ಟು ತಾರೀಖಿನಲ್ಲೇ ಆಗುತ್ತದೆ. 7 ಕಂಡ ತಕ್ಷಣ ಜುಲೈ ಎಂದು ಹಾಕುತ್ತಾರೆ, ಆದರೆ ಲ್ಯಾಟಿನ್ನಿನಲ್ಲಿ ಏಳಕ್ಕೆ ಸೆಪ್ಟೆಮ್ ಎನ್ನುವುದರಿಂದ ಅದು ಸೆಪ್ಟೆಂಬರ್. ಹಾಗೆಯೇ 8 ಅಕ್ಟೋಬರ್, 9 ನವೆಂಬರ್, ರೋಮನ್ ಹತ್ತು ಡಿಸೆಂಬರ್. ಮಗುವಿನ ಹೆಸರು ಜಾಕೋಬಸ್, ಅಂದರೆ ಜೇಮ್ಸ್. ಅದನ್ನು ಜೇಕಬ್ ಎಂದು ಹಾಕಿದರೆ ಆ ಮಗು ಯಾರ ಹುಡುಕಾಟಕ್ಕೂ ಸಿಗುವುದಿಲ್ಲ. ಅಪ್ಪ ಅಮ್ಮನ ಹೆಸರುಗಳು ಲ್ಯಾಟಿನ್ನಿನ ಷಷ್ಠೀ ವಿಭಕ್ತಿಯಲ್ಲಿರುತ್ತವೆ. ಥಡೇಯಿಯ ಮೂಲರೂಪ ಥಡೇಯಸ್. ಅವನು ಮನೆಯಲ್ಲಿ ಟೈಗ್, ಇಂಗ್ಲಿಷ್ ಕಾಗದಗಳಲ್ಲಿ ತಿಮೊತಿ ಆಗಿರಬಹುದು. ಯುಜೀನಿಯಸ್ ಎಂದಿದ್ದರೆ ಓವನ್, ಗುಲಿಯೆಲ್ಮಸ್ ಎಂದಿದ್ದರೆ ವಿಲಿಯಂ. ಎಸ್‌ಪಿ. ಎಂದರೆ ಜ್ಞಾನ ತಂದೆತಾಯಿ, ಅಂದರೆ ದೀಕ್ಷಾಸ್ನಾನದಲ್ಲಿ ಮಗುವಿನ ಪರವಾಗಿ ನಿಲ್ಲುವವರು. ಇವರನ್ನು ಬಿಡಬೇಡಿ. ಅಪ್ಪನ ಅಣ್ಣತಮ್ಮ, ಅಮ್ಮನ ಅಕ್ಕತಂಗಿಯರೇ ಆ ಜಾಗದಲ್ಲಿ ನಿಲ್ಲುವುದು ಮಾಮೂಲು. ಒಂದೇ ಪ್ಯಾರಿಷ್‌ನಲ್ಲಿ ಮೂವರು ಜಾನ್ ಸಲಿವನ್‌ಗಳಿದ್ದರೆ ಅವರನ್ನು ಬೇರ್ಪಡಿಸುವುದು ಈ ಹೆಸರುಗಳೇ.

ಇನ್ನು ಟೈಪ್ ಮಾಡುವ ರೀತಿ. ಪ್ರತಿ ಹೆಸರಿಗೂ ಎರಡು ಕಾಲಂ ಇರಲಿ. ಒಂದರಲ್ಲಿ ಪುಟದಲ್ಲಿ ಕಂಡಷ್ಟೇ: ಸಂಕ್ಷೇಪವಿದ್ದರೆ ಸಂಕ್ಷೇಪ, ಕಾಗುಣಿತ ತಪ್ಪಿದ್ದರೆ ಅದೇ ತಪ್ಪು. ಇನ್ನೊಂದರಲ್ಲಿ ನೀವು ಅರ್ಥಮಾಡಿಕೊಂಡ ಪೂರ್ಣ ಹೆಸರು. ಸಲಿವನ್ ಎಂದಿದ್ದರೆ ಮೊದಲ ಕಾಲಂನಲ್ಲಿ ಓ'ಸಲಿವನ್ ಮಾಡಬೇಡಿ. ಆ ಕಾಲದಲ್ಲಿ "ಓ" ಬಿಟ್ಟು ಬರೆಯುವುದೇ ರೂಢಿಯಾಗಿತ್ತು. ಅನುಮಾನದ ಅಕ್ಷರವನ್ನು ಚೌಕ ಆವರಣದಲ್ಲಿ ಪ್ರಶ್ನಾರ್ಥಕ ಚಿಹ್ನೆಯೊಂದಿಗೆ ಹಾಕಿ. ಹೊಡೆದುಹಾಕಿದ ಸಾಲನ್ನೂ ಟೈಪ್ ಮಾಡಿ, "ಹೊಡೆದಿದೆ" ಎಂದು ಗುರುತಿಸಿ. ಕೊನೆಯ ಕಾಲಂನಲ್ಲಿ ಫಿಲ್ಮಿನ ನಂಬರ್ ಮತ್ತು ಚಿತ್ರದ ನಂಬರ್ ಇರಲೇಬೇಕು. ಅದಿಲ್ಲದ ಸಾಲನ್ನು ನಾಳೆ ಯಾರೂ ಪರೀಕ್ಷಿಸಲಾರರು, ಪರೀಕ್ಷಿಸಲಾಗದ ನಮೂದನ್ನು ನಾವು ಒಪ್ಪಿಕೊಳ್ಳುವುದಿಲ್ಲ.

ವರ್ಷದ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಕೆಲವು ಪಾದ್ರಿಗಳು ಇಸವಿಯನ್ನು ಜನವರಿಯ ತಲೆಯ ಮೇಲೆ ಒಮ್ಮೆ ಬರೆದು ಬಿಟ್ಟರೆ ಮತ್ತೆ ಮುಂದಿನ ಜನವರಿಗೇ. ಫಿಲ್ಮ್ ಮಾಡುವಾಗ ಹಾಳೆಗಳು ಹಿಂದುಮುಂದಾದದ್ದೂ, ಒಂದೇ ಪುಟ ಎರಡು ಸಲ ಬಂದದ್ದೂ ಇದೆ. ತಿಂಗಳುಗಳು ಸರಿಯಾಗಿ ಸಾಗುತ್ತಿವೆಯೇ ಎಂದು ಹಿಂದಿನ ಮುಂದಿನ ಚಿತ್ರ ನೋಡಿಯೇ ಇಸವಿ ಹಾಕಿ. ಚೀಟಿಗಳಲ್ಲಿ ಬರೆದಿಟ್ಟು ಆಮೇಲೆ ಪುಸ್ತಕಕ್ಕೆ ಏರಿಸಿದ ಕಡೆ ತಾರೀಖುಗಳ ಕ್ರಮ ತಪ್ಪಿರುತ್ತದೆ. ಅದನ್ನು ನೀವು ಸರಿಪಡಿಸಲು ಹೋಗಬೇಡಿ.

ಊರಿನ ಹೆಸರು ಬಗೆಹರಿಯದಿದ್ದರೆ ಐರ್ಲೆಂಡಿನ ಊರ ಹೆಸರುಗಳ ಲಾಗಿನಂ (logainm.ie) ಜಾಲತಾಣದಲ್ಲಿ ಆ ಪ್ಯಾರಿಷ್‌ನ ಹಳ್ಳಿಗಳ ಪಟ್ಟಿ ಸಿಗುತ್ತದೆ. 1847ರಿಂದ 1864ರ ನಡುವೆ ನಡೆದ ಗ್ರಿಫಿತ್ ಕಂದಾಯ ಮೌಲ್ಯಮಾಪನದಲ್ಲಿ ಯಾವ ಮನೆತನ ಯಾವ ಹಳ್ಳಿಯಲ್ಲಿತ್ತೆಂದೂ ನೋಡಬಹುದು. ಕ್ಯಾಥೋಲಿಕ್ ಪ್ಯಾರಿಷ್ ಬೇರೆ, ಸರ್ಕಾರಿ ಪ್ಯಾರಿಷ್ ಬೇರೆ, ಗಡಿಗಳು ಹೊಂದುವುದಿಲ್ಲ. ಈ ಆಧಾರಗಳೆಲ್ಲ ಎರಡನೇ ಕಾಲಂಗೆ ಮಾತ್ರ.

ಮದುವೆಯ ಪುಸ್ತಕದಲ್ಲಿ ವಿನಾಯಿತಿಯ ಟಿಪ್ಪಣಿಗಳನ್ನು ಹೊಸಬರು ಹಾರಿಸಿಬಿಡುತ್ತಾರೆ. ನಮ್ಮಲ್ಲಿ ಸೋದರಮಾವನ ಮಗಳನ್ನು ತರುವುದು ಅನೇಕ ಮನೆಗಳಲ್ಲಿ ವಾಡಿಕೆ. ಅಲ್ಲಿ ರಕ್ತಸಂಬಂಧದಲ್ಲಿ ಮದುವೆಯಾಗಲು ಚರ್ಚಿನ ಅಪ್ಪಣೆ ಬೇಕಿತ್ತು. "ಮೂರನೇ ದರ್ಜೆಯ ರಕ್ತಸಂಬಂಧ" ಎಂದು ಬರೆದಿದ್ದರೆ ವಧೂವರರಿಬ್ಬರಿಗೂ ಒಬ್ಬರೇ ಮುತ್ತಜ್ಜನೋ ಮುತ್ತಜ್ಜಿಯೋ ಇದ್ದರೆಂದು ಅರ್ಥ. ಪುಸ್ತಕವೇ ಶುರುವಾಗುವ ಮುಂಚಿನ ತಲೆಮಾರಿನ ಸುಳಿವು ಹೀಗೆ ಅರ್ಧ ಸಾಲಿನಲ್ಲಿ ಸಿಗುತ್ತದೆ.

ಪರಿಶೀಲನೆಗೆ ನಮ್ಮದು ಒಂದೇ ವಿಧಾನ: ಎರಡನೆಯವರು ಮೊದಲನೆಯವರ ಫೈಲ್ ನೋಡದೆ ಅದೇ ಪುಟವನ್ನು ಹೊಸದಾಗಿ ಓದುತ್ತಾರೆ. ಮೊದಲಿನದನ್ನು ಕಣ್ಣೆದುರು ಇಟ್ಟುಕೊಂಡರೆ ಕಣ್ಣು ಅದನ್ನೇ ಓದುತ್ತದೆ. ಎರಡೂ ಹೊಂದದ ಸಾಲುಗಳು ಮಾತ್ರ ಮೂರನೆಯವರ ಬಳಿ ಹೋಗುತ್ತವೆ.

ಕೊನೆಯದಾಗಿ ಅಂಚುಗಳು. 1908ರಿಂದ ಜಾರಿಗೆ ಬಂದ ಚರ್ಚ್ ನಿಯಮದ ಪ್ರಕಾರ, ಮದುವೆಯಾದವರ ದೀಕ್ಷಾಸ್ನಾನದ ಸಾಲಿನ ಪಕ್ಕದಲ್ಲೇ ಆ ಮದುವೆಯನ್ನೂ ನಮೂದಿಸಬೇಕಾಯಿತು. ಹಾಗಾಗಿ 1870ರ ದಶಕದಲ್ಲಿ ಹುಟ್ಟಿ ತಡವಾಗಿ ಮದುವೆಯಾದವರ ಹೆಸರಿನ ಎದುರು, ಬೇರೆ ಶಾಯಿಯಲ್ಲಿ, ಗಂಡನ ಅಥವಾ ಹೆಂಡತಿಯ ಹೆಸರು, ತಾರೀಖು, ಸಾಗರದಾಚೆಯ ಯಾವುದೋ ಚರ್ಚಿನ ಹೆಸರು ಇರಬಹುದು. ಚಿತ್ರವನ್ನು ದೊಡ್ಡದು ಮಾಡಿ ಟೈಪ್ ಮಾಡುತ್ತಾ ಹೋದರೆ ಈ ಅಂಚು ಪರದೆಯಿಂದ ಆಚೆ ಉಳಿದುಬಿಡುತ್ತದೆ. ಪುಟ ಮುಗಿದ ಮೇಲೆ ಒಮ್ಮೆ ಚಿಕ್ಕದು ಮಾಡಿ, ನಾಲ್ಕೂ ಬದಿ ನೋಡಿ, ಆಮೇಲೆ ಮುಂದಿನ ಚಿತ್ರ ತೆರೆಯಿರಿ.